ಮೂರನೇ ಚೌಕದ ಮುಖ

ಕಡಬದ ತನ್ಮಯೀ ಸ್ಟುಡಿಯೋದ ಮಹಾಗಣಪತಿ ಭಟ್ಟನಿಗೆ ಪತ್ರಕರ್ತರ ಸಂಘದವರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದ್ದು ಯಾಕೆ ಎಂದು ಕೇಳಿದರೆ ಸಂಘದವರು ‘ಮಾಧ್ಯಮ ಸಂಯಮಕ್ಕೆ’ ಎನ್ನುತ್ತಾರೆ. ಸಂಯಮವಂತೆ, ಮಣ್ಣಂಗಟ್ಟಿ! ಆ ಸನ್ಮಾನದ ಹಿಂದೆ ಇದ್ದದ್ದು ನನ್ನ ದುರಾಸೆ ಮತ್ತು ಅವನ ಸಿಟ್ಟು. ನಾನು ಮೇದಪ್ಪ, ಒಂದು ದಿನಪತ್ರಿಕೆಗೆ ಇಪ್ಪತ್ತೆರಡು ವರ್ಷದಿಂದ ಈ ತಾಲೂಕಿನ ಸುದ್ದಿ ಕಳಿಸುವವನು. ಸ್ವಲ್ಪ ಉಪ್ಪುಖಾರ ಸೇರಿಸುವ ಅಭ್ಯಾಸ ಉಂಟು. ಇಲ್ಲಿ ಸೇರಿಸಿಲ್ಲ.

ಗಣಪತಿ ಬೆಟ್ಟಂಪಾಡಿ ಕಡೆಯವನು. ಮನೆಯಲ್ಲಿ ಮಂತ್ರ ಕಲಿಯಲು ಕಳಿಸಿದರೆ ಅರ್ಧಕ್ಕೆ ಬಿಟ್ಟು ಕ್ಯಾಮೆರಾ ಹಿಡಿದ. “ಮದುವೆಯಲ್ಲಿ ಪುರೋಹಿತನಿಗೆ ಕೂತು ದಕ್ಷಿಣೆ, ನಿನಗೆ ನಿಂತು ಕಾಲುನೋವು” ಎಂದು ಅವನ ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ನಮ್ಮ ಪತ್ರಿಕೆಗೂ ಆಗಾಗ ಚಿತ್ರ ಕಳಿಸುತ್ತಾನೆ. ಅವನ ಹೆಸರಿನೊಂದಿಗೆ ಅಚ್ಚಾದವು ಯಾವುವು? ಎರಡು ಕಾಲಿನ ಮೂಲಂಗಿ, ಆಳುದ್ದದ ಪಡುವಲಕಾಯಿ, ರಸ್ತೆಯ ಗುಂಡಿಯಲ್ಲಿ ಬಾಳೆಗಿಡ ನೆಟ್ಟ ಪ್ರತಿಭಟನೆ. ಹೆಂಡತಿ ಗೋದಾವರಿ ಬಾಯಿಬಿಟ್ಟೇ ಹೇಳುತ್ತಾಳೆ: “ಇವರ ಹೆಸರು ಪೇಪರಿನಲ್ಲಿ ಬರ್ಬೇಕಾದ್ರೆ ಯಾವುದಾದ್ರೂ ತರಕಾರಿಗೆ ಗ್ರಹಚಾರ ಕೆಡ್ಬೇಕು.” ಒಮ್ಮೆ, ಒಂದೇ ಒಂದು ಸಲ, ಮುಖಪುಟದಲ್ಲಿ ತನ್ನ ಚಿತ್ರ ಬರಬೇಕೆಂಬುದು ಅವನ ಆಸೆ. ಹಾಗೆಂದು ಬಾಯಿಬಿಟ್ಟು ಹೇಳಿಲ್ಲ. ಆದರೆ ಪೇಪರ್ ಬಂದ ಕೂಡಲೇ ಮೊದಲ ಪುಟವನ್ನು ಅವನು ನೋಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅವನ ಹೊಟ್ಟೆ ತುಂಬುವುದು ಪಾಸ್‌ಪೋರ್ಟ್ ಸೈಜಿನಿಂದ. ಮರದ ಸ್ಟೂಲು, ಹಿಂದೆ ನೀಲಿ ಬಟ್ಟೆ, ಎದುರಿಗೆ ಇವನ ಬೈಗುಳ. “ಗಲ್ಲ ಮೇಲೆ! ಹಲ್ಲು ಒಳಗೆ! ಎಂತ, ತಾಲೂಕು ಆಫೀಸಿನಲ್ಲಿ ನಗ್ಲಿಕ್ಕೆ ಕೆಲಸ ಉಂಟಾ ನಿಮಗೆ?” ಜನ ಬೈಸಿಕೊಂಡೇ ಬರುತ್ತಾರೆ, ಯಾಕೆಂದರೆ ಅವನು ತೆಗೆದ ಫೋಟೋದಲ್ಲಿ ಕಳ್ಳನೂ ಗ್ರಾಮ ಪಂಚಾಯತು ಸದಸ್ಯನ ಹಾಗೆ ಕಾಣುತ್ತಾನೆ. ಎರಡೂ ಒಂದೇ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಈಗ ಆಲಂಕಾರಿನ ತ್ಯಾಂಪಣ್ಣನ ಮನೆಯ ವಿಷಯ. ಅವರ ಅಜ್ಜನ ಕಾಲದಲ್ಲಿ ಮಂಗಳೂರಿನಿಂದ ಬಂದ ಯಾರೋ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಆ ಅಜ್ಜನ ಫೋಟೋ ತೆಗೆದನಂತೆ. ಎಂಟನೆಯ ದಿನಕ್ಕೆ ಅಜ್ಜ ಜ್ವರದಲ್ಲಿ ಹೋದರು. ಮಲೇರಿಯಾ ಎನ್ನಲು ಊರಿನಲ್ಲಿ ಡಾಕ್ಟರಿಲ್ಲ, ಆದರೆ ಮನೆಯ ದೈವ ಇತ್ತು. ಆ ವರ್ಷದ ನೇಮದಲ್ಲಿ, ಅಂದರೆ ಭೂತಕೋಲದಲ್ಲಿ, ದೈವ ನುಡಿಯಿತು: ಈ ಮನೆಯವರ ಮುಖ ಕಾಗದಕ್ಕೆ ಏರಬಾರದು. ಅಲ್ಲಿಂದ ಇಲ್ಲಿಯವರೆಗೆ ಏರಿಲ್ಲ. ತ್ಯಾಂಪಣ್ಣನ ಮಗಳು ಸೀತುವಿನ ಮದುವೆಗೆ ಗಣಪತಿಯನ್ನು ಕರೆದದ್ದು ಊಟಕ್ಕೆ ಮಾತ್ರ. ಫೋಟೋಗ್ರಾಫರನೊಬ್ಬ ಮೊದಲ ಪಂಕ್ತಿಯಲ್ಲಿ ಕೂತು ಬಿಸಿ ಅನ್ನ ಉಂಡ ಏಕೈಕ ಮದುವೆ ಅದು.

ಆದರೆ ಸರಕಾರಕ್ಕೆ ದೈವದ ನುಡಿ ಅರ್ಥವಾಗುವುದಿಲ್ಲವಲ್ಲ. ಆಧಾರಿಗೆ ಮುಖ ಬೇಕು, ರೇಶನ್ ಕಾರ್ಡಿಗೆ ಮುಖ ಬೇಕು. ಅದಕ್ಕೆ ತ್ಯಾಂಪಣ್ಣ ದೈವದ ಹತ್ತಿರ ಒಂದು ಒಪ್ಪಂದ ಮಾಡಿಕೊಂಡರು: ತಪ್ಪಿಸಲಾಗದ ಪ್ರತಿ ಫೋಟೋಕ್ಕೂ ತಪ್ಪುಕಾಣಿಕೆಯಾಗಿ ಗುಡಿಯ ಎದುರು ಒಂದು ಸೀಯಾಳ. ಮನೆಯವರಲ್ಲಿ ಯಾರು ಸ್ಟುಡಿಯೋಕ್ಕೆ ಬಂದರೂ ಅವರೇ ಜತೆಗೆ ಬರುವರು, ಪ್ರಿಂಟು ಎಣಿಸಿ ತೆಗೆದುಕೊಳ್ಳುವರು, ಆಮೇಲೆ ಕಂಪ್ಯೂಟರಿನ ಎದುರು ಕೋಲೂರಿ ನಿಂತು ಕೇಳುವರು:

“ಅಳಿಸಿದಿರಾ ಭಟ್ರೆ?”

“ಅಳಿಸಿದೆ.”

ಅಳಿಸುತ್ತಿರಲಿಲ್ಲ. ಬೇಸಾಯಗಾರರಿಗೆ ಇದ್ದ ಹಾಗೆ ಫೋಟೋಗ್ರಾಫರನಿಗೂ ಅವನದ್ದೇ ಮೂಢನಂಬಿಕೆ ಇರುತ್ತದೆ. “ಬದುಕಿದವರ ಮುಖ ಅಳಿಸ್ಬಾರ್ದು ಮಾರಾಯ, ಒಳ್ಳೆದಲ್ಲ” ಎಂದು ನನ್ನಲ್ಲಿ ಹೇಳಿದ್ದ. ತ್ಯಾಂಪಣ್ಣನ ಮನೆಯವರ ಮುಖಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಹಾಕಿ, ಅದಕ್ಕೆ ‘ಸೀಯಾಳ’ ಎಂದು ಹೆಸರಿಟ್ಟಿದ್ದ. ದೈವಕ್ಕೂ ಆಯಿತು, ಇವನಿಗೂ ಆಯಿತು.

ಕಳೆದ ಎಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ಮೂವರು ಹುಡುಗರು ಹೊಳೆಗೆ ಸ್ನಾನಕ್ಕೆ ಹೋದರು. ನೀರು ಮೊಣಕಾಲಿಗಿಂತ ಮೇಲೆ ಇರಲಿಲ್ಲ. ಆದರೆ ಮರಳು ತೆಗೆದ ಗುಂಡಿ ಇತ್ತು. ಮೊದಲು ಅವಿನ್ ಇಳಿದ, ಅವನನ್ನು ಹಿಡಿಯಲು ಶಶಾಂಕ, ಇಬ್ಬರನ್ನೂ ಹಿಡಿಯಲು ಸಂಪ್ರೀತ್. ಮೂವರೂ ಹೋದರು. ಸಂಪ್ರೀತ್ ಸೀತುವಿನ ಒಬ್ಬನೇ ಮಗ, ತ್ಯಾಂಪಣ್ಣನ ಮೊಮ್ಮಗ, ಅಜ್ಜನ ಮನೆಯಲ್ಲೇ ಬೆಳೆದವನು. ಹದಿನೆಂಟು ತುಂಬಿ ಎರಡು ತಿಂಗಳು.

ನಾವು ಸುದ್ದಿಯವರು ಹೇಗೆ ಎಂದರೆ, ಹೆಣ ಮೇಲೆ ಬರುವ ಮೊದಲೇ ಮೂವರ ಇನ್‌ಸ್ಟಾಗ್ರಾಂ ಜಾಲಾಡಿ ಮುಗಿಸಿದ್ದೆವು. ಇಬ್ಬರ ಮುಖ ಬೇಕಾದಷ್ಟು ಸಿಕ್ಕಿತು. ಸಂಪ್ರೀತನದ್ದು ಬರೀ ಬೈಕು, ಹೆಲ್ಮೆಟ್ಟು, ಬೆನ್ನು. ಈ ಕಾಲದ ಹುಡುಗ, ಸೆಲ್ಫಿ ಫೋನು ಕೈಯಲ್ಲಿ, ಆದರೂ ಅಜ್ಜನ ಮಾತು ಮೀರಿರಲಿಲ್ಲ. ನನಗೆ ಆ ಹೊತ್ತಿಗೆ ಬಂದದ್ದು ಗೌರವವಲ್ಲ, ಕಿರಿಕಿರಿ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೇ ಸತ್ಯ.

ತ್ಯಾಂಪಣ್ಣನ ಅಂಗಳದಲ್ಲಿ ನಾವು ಎಂಟು ಹತ್ತು ಜನ ಸೇರಿದ್ದೆವು. ಅರ್ಧದಷ್ಟು ಜನ ಯೂಟ್ಯೂಬಿನವರು, ಸುಳ್ಯದಿಂದ ಬಂದವರೂ ಇದ್ದರು, ಗಣಪತಿಯೂ ಇದ್ದ. ಒಳಗೆ ಸೀತುವಿನ ಅಳು ಕೇಳುತ್ತಿತ್ತು. ತ್ಯಾಂಪಣ್ಣ ಜಗಲಿಯಿಂದ ಇಳಿದು ಬಂದು ಕೈಮುಗಿದರು. ಮಾತು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮುಖ ತೆಗೀಬೇಡಿ ಮಕ್ಕಳೇ. ಅವನದ್ದೂ ಬೇಡ, ಅವನ ಅಮ್ಮನದ್ದೂ ಬೇಡ.”

“ಅಜ್ಜ, ಜನರಿಗೆ ವಿಷಯ ಗೊತ್ತಾಗ್ಬೇಕಲ್ಲ?” ಎಂದ ಒಬ್ಬ, ಮೈಕು ಮುಂದೆ ಹಿಡಿದು.

“ಗೊತ್ತಾಗ್ಲಿ. ಅವನ ಹೆಸರು ಬರೀರಿ, ಈ ಮನೆಯ ಹೆಸರು ಬರೀರಿ. ಹೊಳೆಯಲ್ಲಿ ಗುಂಡಿ ತೆಗೆದವ ಯಾರು ಅಂತ ನಿಮಗೆಲ್ಲ ಗೊತ್ತುಂಟಲ್ಲ, ಅವನ ಹೆಸರೂ ಬರೀರಿ.”

ಆ ಹೆಸರು ಬರೆಯುವ ಗಂಡಸು ಆ ಅಂಗಳದಲ್ಲಿ ಇರಲಿಲ್ಲ, ನನ್ನನ್ನೂ ಸೇರಿಸಿ. ಅಷ್ಟರಲ್ಲಿ ಮೈಕಿನವನ ಜತೆಗಿದ್ದವನು ಕಿಟಕಿಯ ಕಡೆಗೆ ಮೆಲ್ಲ ಸರಿದ. ಗಣಪತಿ ಕ್ಯಾಮೆರಾವನ್ನು ಬ್ಯಾಗಿಗೆ ತುರುಕಿ, ಜಿಪ್ಪು ಎಳೆದು, ಹೋಗಿ ಕಿಟಕಿಗೆ ಅಡ್ಡ ನಿಂತ.

“ಇದು ದೈವದ ಮಾತು ಇರುವ ಮನೆ. ಧೈರ್ಯ ಇದ್ದವರು ತೆಗೀರಿ, ನಾನು ಬೇಡ ಹೇಳುದಿಲ್ಲ. ನಾಳೆ ಕ್ಯಾಮೆರಾಕ್ಕೆ ಎಂತಾದ್ರೂ ಆದ್ರೆ ನನ್ನ ಅಂಗಡಿಗೆ ತರ್ಬೇಡಿ. ನಿಮಗೇ ಎಂತಾದ್ರೂ ಆದ್ರೆ ಮೊದಲೇ ತರ್ಬೇಡಿ.”

ಪತ್ರಿಕಾಧರ್ಮ, ಕಾನೂನು, ಸಂಪಾದಕ ಯಾವುದಕ್ಕೂ ಹೆದರದವರು ಒಬ್ಬೊಬ್ಬರಾಗಿ ಫೋನು ಕಿಸೆಗೆ ಹಾಕಿದರು. ನಮ್ಮ ಸಂಯಮದ ಹುಟ್ಟು ಇಷ್ಟೇ.

ಶವಪರೀಕ್ಷೆ ಮುಗಿದು ಸಂಜೆ ದಹನ ಆಯಿತು. ಹುಡುಗನ ಮುಖ ಇದ್ದ ಕಾಗದಗಳನ್ನೆಲ್ಲ, ಹಾಲ್ ಟಿಕೆಟು, ಹಳೆಯ ಗುರುತಿನ ಚೀಟಿ, ಪುತ್ತೂರಿನ ಬೈಕ್ ಶೋರೂಮಿನ ಕೆಲಸಕ್ಕೆ ಅರ್ಜಿ ಹಾಕಲೆಂದು ವಾರದ ಹಿಂದೆ ತೆಗೆಸಿದ್ದ ಎಂಟು ಪ್ರಿಂಟು, ಎಲ್ಲವನ್ನೂ ತ್ಯಾಂಪಣ್ಣ ಚಿತೆಗೇ ಹಾಕಿದರು. ಆ ಮನೆಯ ಕ್ರಮ ಅದು. ಮರಣಪತ್ರಕ್ಕೆ ಬೇಕೆಂದು ಆಧಾರ್ ಕಾರ್ಡು ಮಾತ್ರ ಉಳಿಯಿತು.

ನಾನು ಕಡಬಕ್ಕೆ ಬಂದು ಮುಟ್ಟುವಾಗ ಮಂಗಳೂರಿನಿಂದ ಪುಟ ಕಟ್ಟುವ ಚೆನ್ನಕೇಶವನ ಫೋನು. “ಮುಖಪುಟದಲ್ಲಿ ಮೂರು ಚೌಕ ಬಿಟ್ಟಿದ್ದೇನೆ ಮೇದಪ್ಪ. ಎರಡು ಬಂತು. ಮೂರನೆಯದು ಎಲ್ಲಿ? ಖಾಲಿ ಚೌಕ ಪ್ರಿಂಟ್ ಮಾಡ್ಲಿಕ್ಕೆ ಆಗ್ತದಾ? ಬೇರೆ ಯಾರಿಗೂ ಸಿಗ್ಲಿಲ್ಲ. ನಿಮಗೆ ಸಿಕ್ಕಿದ್ರೆ ನಾವೇ ಮುಂದೆ.”

ನಾವೇ ಮುಂದೆ! ನಾಯಿಗೆ ಎಲುಬು ತೋರಿಸಿದ ಹಾಗಾಯಿತು ನನಗೆ. ನೆಟ್ಟಗೆ ಸ್ಟುಡಿಯೋಕ್ಕೆ ಹೋದೆ.

“ಸೀಯಾಳ ಫೋಲ್ಡರ್ ತೆಗಿ ಮಾರಾಯ,” ಎಂದೆ.

“ಎಂತಕ್ಕೆ?”

“ಮುಖಪುಟ. ಕೆಳಗೆ ನಿನ್ನ ಹೆಸರು ಹಾಕಿಸ್ತೇನೆ. ಮೂಲಂಗಿ ಅಲ್ಲ ಈ ಸಲ.”

ಅವನು ಬೇಡ ಎನ್ನಲಿಲ್ಲ. ದೇವರಂಥವನು ಎಂದು ಸಂಘದವರು ಭಾಷಣ ಮಾಡಿದರಲ್ಲ, ಅವರು ಆ ಹೊತ್ತಿಗೆ ಅವನ ಕೈ ಮೌಸಿನ ಕಡೆಗೆ ಓಡಿದ್ದನ್ನು ನೋಡಬೇಕಿತ್ತು. ಫೋಲ್ಡರು ತೆಗೆದ. ಹುಡುಗ ನೀಲಿ ಬಟ್ಟೆಯ ಮುಂದೆ ಕೂತಿದ್ದ. ಗಣಪತಿ ಡ್ರಾಯರಿನಿಂದ ಪೆನ್‌ಡ್ರೈವ್ ಹುಡುಕಿ ತೆಗೆದ. ಹಾಕಲೂ ಹಾಕಿದ. ಆಮೇಲೆ ಪರದೆ ನೋಡುತ್ತಾ ಕೂತುಬಿಟ್ಟ. ನಾನು, ಬುದ್ಧಿ ಇಲ್ಲದವನು, ಬಾಯಿ ಮುಚ್ಚಿಕೊಂಡಿರಬಾರದಾ? “ಬೇಗ ಮಾರಾಯ, ಪುಟ ಹೋಗ್ತದೆ” ಎಂದೆ.

ಅವನಿಗೆ ಎಲ್ಲಿತ್ತೋ ಸಿಟ್ಟು. “ಪುಟ ಹೋಗ್ತದಾ? ಹೋಗ್ಲಿ! ನಿನ್ನ ಪೇಪರಿಗೆ ಬೆಂಕಿ ಬೀಳ! ಆ ಮುದುಕ ಕೈಮುಗಿದದ್ದು ನೀನೂ ನೋಡಿದ್ದಿ, ನಾನೂ ನೋಡಿದ್ದೇನೆ. ಇದು ಇಲ್ಲಿ ಇರುವಷ್ಟು ಹೊತ್ತು ನೀನು ಕೇಳುದು ಬಿಡುದಿಲ್ಲ, ನಾನೂ ಮನುಷ್ಯ, ಇವತ್ತಲ್ಲದಿದ್ರೆ ನಾಳೆ ಕೊಟ್ಟುಬಿಡ್ತೇನೆ.” ಪೆನ್‌ಡ್ರೈವ್ ಕಿತ್ತು ಬಿಸಾಡಿದ. “ಬದುಕಿದವರದ್ದು ಅಳಿಸ್ಬಾರ್ದು ಅಂತ ಇಟ್ಟದ್ದು. ಇವ ಈಗ ಬದುಕಿಲ್ಲ.” ನನ್ನ ಕಣ್ಣೆದುರೇ ಫೋಟೋ ಅಳಿಸಿದ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತ.

ಮರುದಿನ ನಮ್ಮ ಪತ್ರಿಕೆಯಲ್ಲಿ ಚೌಕವೇ ಇರಲಿಲ್ಲ, ಮೂರು ಹೆಸರು ಮಾತ್ರ. ಒಂದು ಖಾಲಿ ಬಿಡುವುದಕ್ಕಿಂತ ಮೂರನ್ನೂ ತೆಗೆಯುವುದು ಚೆನ್ನಕೇಶವನಿಗೆ ಸುಲಭವಾಯಿತು. ಉಳಿದವರೂ ಹೆಚ್ಚು ಕಡಿಮೆ ಹಾಗೇ ಮಾಡಿದರು. ಓದುಗರು ಮೆಚ್ಚಿ ಪತ್ರ ಬರೆದರು: ಕುಟುಂಬದ ನಂಬಿಕೆಗೆ ಮಾಧ್ಯಮಗಳು ತೋರಿದ ಗೌರವ ಮಾದರಿ ಎಂದು. ಫೋಟೋ ಸಿಗದಿದ್ದುದಕ್ಕೆ ಇಷ್ಟು ಒಳ್ಳೆಯ ಹೆಸರು ಇದೆಯೆಂದು ನಮಗೂ ಗೊತ್ತಿರಲಿಲ್ಲ. ಕಿಟಕಿಗೆ ಅಡ್ಡ ನಿಂತವನೆಂದು ಸಂಘದವರು ಗಣಪತಿಗೆ ಸನ್ಮಾನ ಇಟ್ಟುಕೊಂಡರು. ಮುಖದ ಫೋಟೋ ತೆಗೆಯದ್ದಕ್ಕೆ ಶಾಲು ಹೊದೆಸಿ, ಹೊದೆಸಿದ್ದರ ಫೋಟೋವನ್ನು ಮೂವತ್ತು ಸಲ ತೆಗೆದರು. ಒಂದರಲ್ಲೂ ಅವನ ಕಣ್ಣು ತೆರೆದಿಲ್ಲ.

ಸನ್ಮಾನ ಆದ ವಾರವೇ ಸೀತು ಸ್ಟುಡಿಯೋಕ್ಕೆ ಬಂದಳು. ನಾನು ಅಲ್ಲಿಯೇ ಇದ್ದೆ. ಉತ್ತರಕ್ರಿಯೆ ಮುಗಿದು ನಾಲ್ಕು ದಿನ ಆಗಿತ್ತು. ಸ್ಟೂಲಿನಲ್ಲಿ ಕೂತು, ಸೆರಗಿನ ತುದಿ ಕೈಗೆ ಸುತ್ತುತ್ತಾ ಹೇಳಿದಳು:

“ಅವನದ್ದು ಒಮ್ಮೆ ತೋರಿಸಿ ಭಟ್ರೆ. ನೀವು ಅಳಿಸುದಿಲ್ಲ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು. ಅಪ್ಪನಿಗೂ ಗೊತ್ತುಂಟು. ಇರಲಿ ಅಂತಲೇ ಬಿಟ್ಟದ್ದು ಅವರು.”

ಗಣಪತಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

“ಪ್ರಿಂಟ್ ಬೇಡ. ನೋಡಿ ಹೋಗ್ತೇನೆ, ಸೀಯಾಳ ನಾನೇ ಇಡ್ತೇನೆ. ಆಧಾರಿನಲ್ಲಿ ಅವ ಹತ್ತು ವರ್ಷದ ಮಗು. ಶಾಲೆಯಲ್ಲಿ ಒಂದು ಉಂಟಂತೆ, ಅದು ಮೀಸೆ ಬರುವ ಮೊದಲಿನದ್ದು. ಮೀಸೆ ಬಂದ ಮೇಲಿನ ಮುಖ ನನಗೆ ಬೇಕು. ಮೊದಮೊದಲು ಕಣ್ಣು ಮುಚ್ಚಿದ್ರೆ ಬರ್ತಿತ್ತು. ಈಗ ಬರುದಿಲ್ಲ ಭಟ್ರೆ. ಚಿಕ್ಕವ ಇದ್ದಾಗಿನದ್ದೇ ಬರ್ತದೆ.”

“ಕಂಪ್ಯೂಟರ್ ಕೆಟ್ಟಿದೆ, ಗುರುವಾರ ಬಾ” ಎಂದ ಗಣಪತಿ.

ಮರುದಿನವೇ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ನಾವಿಬ್ಬರು ಬಸ್ಸಿನಲ್ಲಿ ಪುತ್ತೂರಿಗೆ ಹೋದೆವು. ರಿಪೇರಿಯ ಆದಂ ಕುಂಞಿ ಅಳಿಸಿದ ಫೋಟೋಕ್ಕಾಗಿ ಒಂದು ದಿನ ಇಡೀ ತಡಕಾಡಿದ. “ಇಲ್ಲ ಭಟ್ರೆ. ನೀವು ಆಮೇಲೆ ಮೂರು ಮದುವೆ ತುಂಬಿಸಿದ್ದೀರಿ, ಎಲ್ಲ ಅದರ ಮೇಲೆಯೇ ಹೋಗಿ ಕೂತಿದೆ” ಎಂದ. ಮತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ವಾಪಸು ಬಂದೆವು. ನಾನು ಕೇಳದಿದ್ದರೆ ಅದು ಇರುತ್ತಿತ್ತು. ಅಷ್ಟೇ ಲೆಕ್ಕ.

ಗುರುವಾರ ನಾನು ಜಾರಿಕೊಳ್ಳಲು ಎದ್ದೆ. “ಕೂರು” ಎಂದ ಗಣಪತಿ, ಕೂತೆ. ಸೀತು ಬಂದಳು. ಅವನು ಸುತ್ತಿ ಬಳಸಲಿಲ್ಲ.

“ಅಳಿಸಿದ್ದೇನೆ ಸೀತು. ಅವತ್ತೇ. ಪೇಪರಿಗೆ ಹೋಗ್ಬಾರ್ದು ಅಂತ.”

“ಕೇಳಿದವ ನಾನು,” ಎಂದೆ. “ನಾನು ಪೀಡಿಸಿದ್ದಕ್ಕೆ ಅವ ಅಳಿಸಿದ್ದು.”

ಅವಳು ನನಗೆ ಎರಡು ಬಾರಿಸಬಹುದಿತ್ತು. ಬಾರಿಸಲಿಲ್ಲ. ನೀಲಿ ಬಟ್ಟೆಯ ಕಡೆಗೆ ತಿರುಗಿದಳು. ಆಮೇಲೆ ಗಣಪತಿಯನ್ನು ಕೇಳಿದಳು: “ಅವತ್ತು ಅವ ಹೇಗೆ ಕೂತಿದ್ದ?”

“ಹೇಗೆ ಕೂರುದು! ಗಲ್ಲ ಮೇಲೆ ಅಂದ್ರೆ ನಗು, ಹಲ್ಲು ಒಳಗೆ ಅಂದ್ರೆ ಇನ್ನೂ ನಗು. ನಾಲ್ಕು ಸಲ ಬೈದೆ. ಅಜ್ಜ ಹೊರಗೆ ಹೋದದ್ದೇ ತಡ, ಹತ್ತಿರ ಬಂದು ಕಿವಿಯಲ್ಲಿ ಹೇಳ್ತಾನೆ, ‘ಭಟ್ರೆ, ಮೀಸೆ ಸ್ವಲ್ಪ ಕಪ್ಪು ಮಾಡಿ ಕೊಡಿ, ಶೋರೂಮಿನವರು ಮಗು ಅಂತ ಎಣಿಸಿಯಾರು’ ಅಂತ.”

ಸೀತು ನಕ್ಕಳು. “ಕಪ್ಪು ಮಾಡುವಷ್ಟು ಇತ್ತಾ ಅದು?”

“ಎಂತದೂ ಇರ್ಲಿಲ್ಲ. ಈ ಬದಿ ಹತ್ತು ಕೂದಲು, ಆ ಬದಿ ಹನ್ನೆರಡು. ಈ ಬದಿ ಸ್ವಲ್ಪ ಕಡಿಮೆಯೇ.”

“ಹೌದು, ಕಡಿಮೆಯೇ. ಮಾಡಿ ಕೊಟ್ಟಿರಾ?”

“ಕೊಟ್ಟೆ. ಪ್ರಿಂಟ್ ಹಿಡ್ಕೊಂಡು ಆ ಕನ್ನಡಿಯ ಎದುರು ನಿಂತ. ಒಮ್ಮೆ ಅದನ್ನು ನೋಡುದು, ಒಮ್ಮೆ ಕನ್ನಡಿ ನೋಡುದು. ತುಟಿ ಹೀಗೆ ಒತ್ತಿ ಹಿಡ್ಕೊಂಡಿದ್ದ, ದೊಡ್ಡ ಜನ ಆದ ಹಾಗೆ.”

ಸೀತು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. ಗಣಪತಿ ಗಾಬರಿಯಾಗಿ ಮಾತು ನಿಲ್ಲಿಸಿದ.

“ನಿಲ್ಲಿಸ್ಬೇಡಿ ಭಟ್ರೆ,” ಎಂದಳು. “ಈಗ ಬಂದ. ಹೇಳ್ತಾ ಇರಿ.”