ಮಾಸ್ತರರ ಅಂಗೈಯಗಲದ ಕಣ

ಮೊನ್ನೆ ಬೈಲಹೊಂಗಲದ ಸಾಮಿಲ್ಲಿನ ಮುಂದೆ ಹಾಯುವಾಗ ತೊಯ್ದ ಕಟ್ಟಿಗೆ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಕಸ. ನನಗೆ ಅದು ನಮ್ಮ ಚಿತ್ರಕಲಾ ಮಾಸ್ತರರ ಪಡಸಾಲೆ. ಆ ಹೊಟ್ಟಿಗೆ ಹಸಿರು ಬಣ್ಣ ಕಲಸಿ, ಅಂಟಿನ ಮೇಲೆ ಉದುರಿಸಿ, ಪುಟ್ಟ ಹೊಲಗಳ ಬದುವಿನಲ್ಲಿ ಅವರು ಹುಲ್ಲು ಬೆಳೆಸುತ್ತಿದ್ದರು…

ಅವರಿದ್ದ ಶಾಲೆಯಲ್ಲೇ ನಾನು ಇತಿಹಾಸ ಹೇಳುತ್ತಿದ್ದೆ. ಮೇಜಿನ ಮೇಲೆ ಬೆರಳ ಗೆಣ್ಣಿನಷ್ಟು ಸೈನಿಕರನ್ನಿಟ್ಟು, ದಾಳ ಉರುಳಿಸಿ, ಹಳೆಯ ಯುದ್ಧಗಳನ್ನು ಮತ್ತೆ ಆಡುವ ಹುಚ್ಚು ನನ್ನದು. ಅವರು ನಿವೃತ್ತರಾದ ಮೇಲೆ ಅವರಿಗೂ ಹಚ್ಚಿದೆ. ಕಿತ್ತೂರಿನ ಕಾಳಗಕ್ಕೆ ಮರದ ಹಲಗೆಯ ಮೇಲೆ ಕೋಟೆ ಮಾಡಿಕೊಡಿ ಎಂದರೆ ಈ ಮಹಾರಾಯರು ಒಂದು ಗೋಡೆ ನಿಲ್ಲಿಸಿ, ಉಳಿದ ಹಲಗೆಯ ತುಂಬ ಒಕ್ಕಲುತನ ಹೂಡಿದರು. ಸಂಪಗಾಂವದ ತಮ್ಮ ಹೊಲದ ಎರೆಮಣ್ಣು ತಂದು ಜರಡಿ ಹಿಡಿದರು. ಕಸಬರಿಗೆ ಕಡ್ಡಿಯ ಜೋಳ, ಗೋಣಿ ನಾರಿನ ಬಣವೆ. ಕೋಟೆ ಬಾಗಿಲಿನ ಎದುರಿಗೆ ತೆನೆ ಒಕ್ಕುವ, ಅಂಗೈಯಗಲದ ಒಂದು ಕಣ. ಅರಿವೆಯಲ್ಲಿ ಸೋಸಿದ ಸೆಗಣಿಯಿಂದ ಅದನ್ನು ಸಾರಿಸಿ, ಮೇಲೆ ಚಿಟಿಕೆ ನವಣೆಯ ರಾಶಿ ಹಾಕಿದ್ದರು.

ಕೋಟೆಗೆ ಗುರಿಯಿಟ್ಟು ತೋಪು ಹೂಡಲು ಆ ಕಣಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆದರೆ ಮಾಸ್ತರರು ಒಬ್ಬ ಸೈನಿಕನನ್ನೂ ಅಲ್ಲಿ ಹತ್ತಿಸುತ್ತಿರಲಿಲ್ಲ, ಹತ್ತಿಸದೆಯೇ ಎಷ್ಟೋ ಸಲ ಸೋತರು.

"ಬೂಟ್ ಹಾಕ್ಕೊಂಡು ಕಣಾ ತುಳೀಬಾರದ್ರಿ," ಎನ್ನುತ್ತಿದ್ದರು.

"ಕಂಪನಿ ಸರಕಾರದವರಿಗೂ ಬೂಟ್ ಬಿಡಸ್ತೀರೇನ್ರಿ ಮಾಸ್ತರ?" ಎಂದು ನಾನು ಕಾಡುತ್ತಿದ್ದೆ. ಆದರೂ ನಮ್ಮಿಬ್ಬರ ಆಟದಲ್ಲಿ ನಾನು ಆ ಕಣಕ್ಕೆ ಎಂದೂ ಹೋಗಲಿಲ್ಲ.

ಆಮೇಲೆ ನಾನೇ ಹಲಗೆಯ ಫೋಟೋ ಅಲ್ಲಿ ಇಲ್ಲಿ ಕಳಿಸಿದೆ. ಬೆಳಗಾವಿಯಿಂದ ಮೂವರು ಆಟಗಾರರು ನೋಡಲು ಬರುತ್ತೇವೆಂದರು. ಶಾಲೆಯ ಗೋಡೆಯಾಚೆ ಮಾಸ್ತರರ ಕೈಕೆಲಸವನ್ನು ಯಾರೂ ಕೇಳಿಕೊಂಡು ಬಂದಿರಲಿಲ್ಲ. ಆ ದಿನ ಅವರು ಇಸ್ತ್ರಿ ಅಂಗಿ ತೊಟ್ಟು, ಕಣವನ್ನು ಹೊಸದಾಗಿ ಸಾರಿಸಿ, ರಾಶಿಗೆ ಕಡ್ಡಿಯ ತುದಿಯಿಂದ ಕುಂಕುಮ ಹಚ್ಚಿ ಕಾದಿದ್ದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಬಂದವರಲ್ಲಿ ಒಬ್ಬ ತೋಪನ್ನೂ ನಾಲ್ಕು ಸೈನಿಕರನ್ನೂ ಎತ್ತಿ ಕಣದ ಮೇಲಿಟ್ಟ. ರಾಶಿ ಚೆಲ್ಲಿತು.

"ಅದೊಂದ ಜಾಗಾ ಬಿಟ್ಟ ಆಡ್ರಿ. ಕಣಾ ಅದು," ಎಂದರು ಮಾಸ್ತರರು.

ಬಂದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮಾಸ್ತರರು ನನ್ನ ಕಡೆ ನೋಡಿದರು. ನನಗೆ ನಾಚಿಕೆಯಾಗಿತ್ತು. ನಮ್ಮನ್ನು ಹಳ್ಳಿ ಗಮಾರರು ಅಂದುಕೊಂಡಾರು ಎಂಬ ಚಿಂತೆ.

"ಆಟ ಐತ್ರಿ ಮಾಸ್ತರ. ಸುಮ್ನ ಕುಂದರ್ರಿ," ಎಂದುಬಿಟ್ಟೆ.

ಅವರು ಕುಳಿತರು. ಆಟ ಮುಗಿಯುವವರೆಗೂ ಎಲ್ಲರಿಗೂ ನೀರು, ಚಹಾ ಕೊಟ್ಟರು. ಬಂದವರು ಹೊರಟ ಮೇಲೆ, "ನೀವ್ ಹೇಳಿದ್ದ ಖರೇ ಐತ್ರಿ. ಆಟನ ಅದು," ಎಂದು ಹಲಗೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮತ್ತೆ ಅದನ್ನು ತಿರುಗಿಸಲಿಲ್ಲ.

ಅದಾದ ಮೇಲೆ ಎರಡು ವರ್ಷ ಬದುಕಿದ್ದರು. ನಮ್ಮ ಮನೆಯಿಂದ ನಾಲ್ಕನೆಯ ಮನೆ. ಎದುರಾದಾಗಲೆಲ್ಲ ಮಳೆ, ಬೆಳೆ, ಪೆನ್ಶನ್ ಮಾತಾಡಿದೆವು. ತಪ್ಪಾಯಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ… ಇವತ್ತು ಹೇಳುತ್ತೇನೆಂದರೆ ಅವರಿಲ್ಲ. ಇದಕ್ಕೆ ಪರಿಹಾರವೂ ಇಲ್ಲ.

ಸಾಮಿಲ್ಲು ದಾಟಿದ ಆ ಸಂಜೆ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಮೊದಲಿನಿಂದಲೂ ಅತ್ತಿಗೆಯ ಸಲುಗೆಯಲ್ಲಿ ವೈನಿ ಎನ್ನುತ್ತೇನೆ. ಚಹಾ ತಂದಿಟ್ಟು ಎದುರಿಗೆ ಕುಳಿತರು.

"ಅಷ್ಟ ಜೀವಾ ಇಟಗೊಂಡಿದ್ರು ಆ ಹಲಗಿ ಮ್ಯಾಲ. ಒಮ್ಮಿಗೇ ಯಾಕ ಬಿಟ್ರೋ, ಇನ್ನೂ ವಿಚಾರ ಮಾಡತೇನಿ. ನಿಮ್ಮ ಮುಂದ ಏನರೆ ಹೇಳಿದ್ರೇನ್ರಿ?"

"ಇಲ್ರಿ ವೈನಿ," ಎಂದೆ. "ಕಣ್ಣ ಮಂದ ಆಗಿದ್ವಲ್ಲ, ಅದಕ್ಕಿರಬೇಕು."

"ಹೂಂ, ಅದಕ್ಕ ಇರಬೇಕ್ರಿ," ಎಂದು ನಂಬಿ, ಅವರು ನನ್ನ ಕಪ್ಪಿಗೆ ಇನ್ನಷ್ಟು ಚಹಾ ಸುರಿದರು.