ಅಕ್ಕಾರು ಇಟ್ಟ ಹೆಸರುಗಳು

ಮೊನ್ನೆ ತೇರದಾಳದಿಂದ ಜಮಖಂಡಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿಯೊಬ್ಬಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅಜವಾನ, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬ್ಯಾಂಕಿನ ಸರ್ವರ್ ಕೋಣೆ ಕಣ್ಮುಂದೆ ಬಂತು. ಅಲ್ಲಿ ಕೂತು ಬೆರಳುಗಳಿಗೆ ಅಂಥದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅಕ್ಕಾರು…

ನೆಟ್‌ವರ್ಕ್ ವಿಭಾಗಕ್ಕೆ ಅವರೇ ಮುಖ್ಯಸ್ಥರು. ನಾನು ಅವರ ಕೈಕೆಳಗಿನ ಎಂಜಿನಿಯರ್. ಬೀಳಗಿ ಕಡೆಯ ಕುರಿಗಾರರ ಮನೆತನದ ಅವರು ಆ ಮನೆಯಲ್ಲಿ ಮೊದಲು ಸಂಬಳ ಕಂಡವರು. ವಯಸ್ಸಿನಲ್ಲಿ ದೊಡ್ಡವರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು.

ಮೊದಲು ಅವರ ಕಿರುಬೆರಳು ಸೋತಿತು, ಆಮೇಲೆ ಒಂದೊಂದಾಗಿ ಉಳಿದ ಬೆರಳುಗಳು. ಎಣ್ಣೆಗೆ ಬಗ್ಗಲಿಲ್ಲ. ಬೆಳಗಾವಿಯ ವೈದ್ಯರು ಇದು ನರದ ಕಾಯಿಲೆ, ಬೆಳೆಯುತ್ತಲೇ ಹೋಗುತ್ತದೆ ಎಂದುಬಿಟ್ಟರು. ಎಲ್ಲ ಶಾಖೆಗಳ ಲೈನು ಬಂದು ಸೇರುವ ರೌಟರನ್ನು ನಡೆಸುವುದು ಕಪ್ಪು ಪರದೆಯ ಮೇಲೆ ಆದೇಶ ಟೈಪ್ ಮಾಡಿ. ಒಂದೊಂದು ಆದೇಶವೂ ಉದ್ದ. ಒಂದಕ್ಷರ ತಪ್ಪಿದರೆ ಅದು ಒಪ್ಪುವುದಿಲ್ಲ. ಅಕ್ಕಾರ ಕೈ ದಿನವೂ ತಪ್ಪತೊಡಗಿತ್ತು.

ಮ್ಯಾನೇಜರ್ ಸಾಹೇಬರು ಮೆತ್ತಗೆ ಹೇಳಿದರು, “ಮೇಡಂ, ಡಿಪಾಜಿಟ್ ಸೆಕ್ಷನ್‌ಗೆ ಬಂದಬಿಡ್ರಿ. ಅಲ್ಲಿ ಟೈಪಿಂಗ್ ಕಡಿಮಿ.”

“ಈ ತಿಂಗಳ ಒಂದ್ ಬಿಡ್ರಿ ಸರ,” ಎಂದರು ಅಕ್ಕಾರು. “ಆಮ್ಯಾಲ ನೀವು ಹೇಳಿದಂಗ.”

ಅಂದೇ ಕೆಲಸಕ್ಕೆ ಕೂತರು. ಉದ್ದದ ಆದೇಶಕ್ಕೆ ರೌಟರಿನಲ್ಲಿ ಒಂದು ಅಡ್ಡಹೆಸರು ಕೊಡಬಹುದು. ಆಮೇಲೆ ಆ ಹೆಸರನ್ನಷ್ಟೇ ಒತ್ತಿದರೆ ಇಡೀ ಆದೇಶ ನಡೆಯುತ್ತದೆ. ಆದರೆ ಹೆಸರಿಡಬೇಕಾದರೆ ಒಂದು ಸಲವಾದರೂ ಅದನ್ನು ಪೂರ್ತಿ ಟೈಪ್ ಮಾಡಲೇಬೇಕು. ಅಕ್ಕಾರು ಬಲಗೈಯ ತೋರುಬೆರಳಿಗೆ ಎಡಗೈ ಆಸರೆ ಕೊಟ್ಟು ಒತ್ತುತ್ತಾ ಹೋದರು. ಮುಧೋಳದ ಲೈನು ನೋಡಲು ಎರಡಕ್ಷರ, ಮಹಾಲಿಂಗಪುರಕ್ಕೆ ಎರಡಕ್ಷರ…

ನನಗೆ ನೋಡಲಾಗಲಿಲ್ಲ. “ಅಕ್ಕಾರ, ನೀವು ಹೇಳ್ರಿ, ನಾ ಹೊಡೀತೀನಿ.”

“ಬ್ಯಾಡ ತಮ್ಮಾ. ಇವತ್ತ ನೀ ಹೊಡದ್ರ ನಾಳೆನೂ ನೀನ ಹೊಡೀಬೇಕಾಕ್ಕೈತಿ.”

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ರೌಟರ್ ಆರಿ ಮತ್ತೆ ಚಾಲೂ ಆದಾಗ ಒಂದು ಹೆಸರೂ ಉಳಿದಿರಲಿಲ್ಲ. ಸೇವ್ ಮಾಡುವುದಕ್ಕೂ ಒಂದು ಉದ್ದದ ಆದೇಶ ಬೇಕು, ಅದನ್ನು ಕೊಟ್ಟಿರಲಿಲ್ಲ. ಅಕ್ಕಾರ ಕಣ್ಣು ತುಂಬಿದವು. ಒರೆಸಿಕೊಳ್ಳಲು ಕೈ ಮುಖದವರೆಗೆ ಏಳಲಿಲ್ಲ, ಭುಜಕ್ಕೆ ಕೆನ್ನೆ ಒರೆಸಿಕೊಂಡರು.

“ಮೊದಲ ಸೇವ್ ಮಾಡೂದಕ್ಕ ಒಂದ್ ಹೆಸರ ಇಡೂಣು,” ಎಂದು ಮತ್ತೆ ಶುರುಮಾಡಿದರು. ಅದಕ್ಕೆ ಒಂದೇ ಅಕ್ಷರ ಕೊಟ್ಟರು. ಆಮೇಲೆ ಪ್ರತಿ ಹೆಸರಿಟ್ಟಾಗಲೂ ಆ ಅಕ್ಷರ ಒತ್ತಿ ಮುಂದಕ್ಕೆ ಹೋದರು.

ತಿಂಗಳು ಮುಗಿಯುವ ಮೊದಲೇ ಪಿಂಚಣಿಯ ದಿನ ಬಂತು. ಅಂದು ಬೆಳಿಗ್ಗೆ ಬನಹಟ್ಟಿ ಶಾಖೆಯ ಲೈನು ನಿಂತಿತು. ಅಲ್ಲಿ ಕೌಂಟರಿನ ಮುಂದೆ ಮಗ್ಗ ಬಿಟ್ಟ ಮುದುಕರು, ಮುದುಕಿಯರು ಹೊರಗಿನ ಕಟ್ಟೆಯವರೆಗೆ ನಿಂತಿದ್ದರಂತೆ. ಸಾಹೇಬರು ಕೋಣೆಗೆ ಬಂದು ನನ್ನ ಮುಖ ನೋಡಿದರು. ನಾನು ಏಳುವಷ್ಟರಲ್ಲಿ ಅಕ್ಕಾರು ಕುರ್ಚಿ ಎಳೆದುಕೊಂಡಿದ್ದರು. ಎರಡಕ್ಷರ ಒತ್ತಿದರು, ಲೈನು ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಾಣಿಸಿತು. ಇನ್ನೆರಡು ಒತ್ತಿ ಅದನ್ನು ಹೊಸದಾಗಿ ಎಬ್ಬಿಸಿದರು. ನನ್ನ ಫೋನಿನಲ್ಲಿ ಬನಹಟ್ಟಿಯ ಕ್ಯಾಷಿಯರ್ ಕೂಗಿದ, “ಬಂತ್ರೀ, ಬಂತು! ಕೊಡಾಕತ್ತೇವ್ರಿ!”

ಸಾಹೇಬರು ಹೋಗುತ್ತಾ ಬಾಗಿಲಲ್ಲಿ ನಿಂತರು. “ಆತ್ ಬಿಡ್ರಿ ಮೇಡಂ. ನೀವು ಇಲ್ಲೇ ಇರ್ರಿ.”

ಆ ಒಂದು ಬೆರಳು ಏಳುವಷ್ಟು ದಿನ ಅಕ್ಕಾರು ಆ ಕುರ್ಚಿ ಬಿಡಲಿಲ್ಲ. ಅದೂ ಏಳದಾದಾಗ ರಾಜೀನಾಮೆ ಪತ್ರವನ್ನು ತಾವೇ ಹೇಳುತ್ತಾ ಹೋಗಿ, ನನ್ನನ್ನು ಬರೆಯಲು ಹಚ್ಚಿದರು. ಅದೊಂದನ್ನು ಮಾತ್ರ ನನ್ನ ಕೈಯಿಂದ ಮಾಡಿಸಿಕೊಂಡದ್ದು. ಎರಡು ಚಳಿಗಾಲ ಕಳೆದ ಮೇಲೆ ಉಸಿರೂ ಸೋತಿತು…

ಈಗ ಆ ಕುರ್ಚಿ ನನ್ನದು. ಈ ವಾರ ಹಳೆಯ ರೌಟರ್ ಇಳಿಸಿ ಹೊಸದು ಕೂಡಿಸಿದೆವು. ಅವರಿಟ್ಟ ಹೆಸರುಗಳನ್ನೆಲ್ಲ ಅದರೊಳಕ್ಕೆ ತಂದು ಒಂದೊಂದಾಗಿ ಒತ್ತಿ ನೋಡಿದೆ. ಕೆಲಸ ಮುಗಿಸಿ ಹೊರಬೀಳುವ ಆದೇಶಕ್ಕೆ ಅವರು ಇಂಗ್ಲಿಷ್ ಅಕ್ಷರಗಳಲ್ಲಿ ‘ಸಾಕು’ ಎಂದು ಹೆಸರಿಟ್ಟಿದ್ದರು. ಮೂಲ ಆದೇಶಕ್ಕೂ ನಾಲ್ಕಕ್ಷರ, ಇದಕ್ಕೂ ನಾಲ್ಕು. ಬೆರಳಿಗೆ ಶ್ರಮವೇನೂ ಉಳಿತಾಯವಿಲ್ಲ. ಮತ್ತೆ ಯಾಕೆ ಇಟ್ಟರೋ… ಕೇಳೋಣವೆಂದರೆ ಅಕ್ಕಾರು ಇಲ್ಲ.