ಹೂವಯ್ಯ ನಿಲ್ಲಿಸಿದ ಗೂಡ್ಸ್ ಶೆಡ್

ನಮ್ಮೂರಲ್ಲಿ ಅವನಿಗೆ ಮನೆ ಬಿಚ್ಚುವ ಹೂವಯ್ಯ ಎಂದೇ ಹೆಸರು. ಶರಾವತಿಗೆ ಅಣೆಕಟ್ಟು ಬಂದು ಊರು ಮುಳುಗುವಾಗ ಕಂಬ, ತೊಲೆಗಳಿಗೆಲ್ಲ ಉಳಿಯಲ್ಲಿ ಗುರುತು ಕೊರೆದು, ಬಿಚ್ಚಿ, ಲಾರಿಗೆ ಹೇರಿ, ರಿಪ್ಪನ್‌ಪೇಟೆ ಹತ್ತಿರ ನಮಗೆ ಕೊಟ್ಟ ಈ ಬಯಲಲ್ಲಿ ಅವೇ ಮನೆಗಳನ್ನು ಮತ್ತೆ ನಿಲ್ಲಿಸಿದ ಗಟ್ಟಿಗ. ಜಂಭಕ್ಕೇನೂ ಕಡಿಮೆಯಿರಲಿಲ್ಲ. ತಾನು ಜೋಡಿಸಿದ್ದು ಅಲುಗುತ್ತದೆ ಎಂದವರ ಮನೆಯಲ್ಲಿ ಕಾಫಿ ಮುಟ್ಟುತ್ತಿರಲಿಲ್ಲ.

ಮನೆಗಳಾದವು, ಶಾಲೆಗೆ ಕಟ್ಟಡವಿಲ್ಲ. ಮಳೆಗಾಲದೊಳಗೆ ಸೋರದ ಸೂರು ಕಟ್ಟದಿದ್ದರೆ ಶಾಲೆಯನ್ನು ಪೇಟೆಯದಕ್ಕೆ ಸೇರಿಸುವುದಾಗಿ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿ ಹೋಗಿದ್ದರು. ತುಂಬಿದ ಹಳ್ಳ ದಾಟಿಸಿ ಮಕ್ಕಳನ್ನು ಯಾರು ಕಳಿಸುತ್ತಾರೆ? ಅಷ್ಟರಲ್ಲಿ ಸಾಗರದ ಸ್ಟೇಷನ್ನಿನ ಹಳೇ ಗೂಡ್ಸ್ ಶೆಡ್ ಹರಾಜಿಗೆ ಬಂತು. ಊರೆಲ್ಲ ಸೇರಿ ಹಿಡಿದೆವು. ಹೂವಯ್ಯ ಅದನ್ನೂ ಬಿಚ್ಚಿ ತಂದು ಶಾಲೆಗೆಂದು ನಿಲ್ಲಿಸಿದ. ವಿಕ್ಟೋರಿಯಾ ರಾಣಿಯ ಕಾಲದ ಎರಕದ ಕಬ್ಬಿಣದ ಕಂಬಗಳು. ಬೇರೆಲ್ಲೋ ದುಡಿದು ಆಮೇಲೆ ಸಾಗರಕ್ಕೆ ಬಂದವಂತೆ. ಮೂಟೆ ಇಳಿಸುವ ಶೆಡ್ಡಿಗೂ ಕಂಬದ ತಲೆಯಲ್ಲಿ ಎಲೆ, ಬಳ್ಳಿ! ನೋಡಿ ನಾನಂತೂ ಮರುಳಾದೆ.

ಅಕ್ಕಪಕ್ಕ ಎರಡು ಇಳಿಜಾರು ಮಾಡು, ಅವು ಕೂಡುವಲ್ಲಿ ಮಳೆನೀರು ಹಿಡಿಯುವ ಕಬ್ಬಿಣದ ದೋಣಿ, ಅದರಡಿ ಒಂದು ಸಾಲು ಕಂಬ. ಆ ಕಂಬಗಳ ಒಳಗೆ ಟೊಳ್ಳು, ಬುಡದಲ್ಲಿ ತೂತು. ಮಕ್ಕಳು ಕೂರುವ ಜಾಗ, ಹಾವು ಸೇರಿಕೊಂಡೀತು ಎಂದು ಹೂವಯ್ಯ ತೂತುಗಳಿಗೆಲ್ಲ ಸಿಮೆಂಟು ಮೆತ್ತಿದ. ಕಾಡಂಚಿನಲ್ಲಿ ಬೆಳೆದ ನಾವೂ ಭೇಷ್ ಅಂದೆವು.

ಸಾಹೇಬರು ಬರುವ ದಿನವೇ ಮಳೆ ಹೊಡೆಯಿತು. ದೋಣಿ ತುಂಬಿ ನೀರು ಬೆಂಚುಗಳ ಮೇಲೆ ಸುರಿಯತೊಡಗಿತು. ಮುಕುಂದಯ್ಯ ಮೇಷ್ಟ್ರು ಪೇಟೆಗೆ ಹೊರಡುವವರಂತೆ ಕರಿಹಲಗೆಯನ್ನು ಗೋಡೆಯಿಂದ ಇಳಿಸಿದರು. ನನಗೆ ಅಳುವೇ ಬಂತು.  ಒಂದು ಕಂಬಕ್ಕೆ ಒರಗಿದ ಹೂವಯ್ಯ ತಟ್ಟನೆ ಅದಕ್ಕೆ ಕಿವಿಯಿಟ್ಟ, ಅಂಗೈಯಲ್ಲಿ ಬಡಿದು ನೋಡಿದ, ನಗತೊಡಗಿದ.

"ಎಂಥಾ ಕೆಲ್ಸ ಮಾಡ್ಬಿಟ್ಟೆ ಮಾರಾಯ್ರೆ. ನೀರು ಇಳಿಯೋ ದಾರೀನೇ ಇದು."

ಹಾರೆ ಹಿಡಿದು ಬುಡಕ್ಕೆ ಹೊಡೆದ. ಸಿಮೆಂಟು ಹಾರಿತು, ಹಿಂದೆಯೇ ನೀರು ಭರ್ರೆಂದು ನುಗ್ಗಿ ಅವನನ್ನು ತೋಯಿಸಿತು. ಮಕ್ಕಳು ಕುಣಿದವು. ಅವನ ಹೆಂಡತಿ ಬಂಗಾರಮ್ಮ ಸೆರಗು ಸಿಕ್ಕಿಸಿ, ಗುದ್ದಲಿ ತಂದು ಮಣ್ಣಿನ ನೆಲದಲ್ಲಿ ಕಾಲುವೆ ಎಳೆದಳು. ಊರಿಗೆ ಊರೇ ಕೈಹಾಕಿತು. ಇನ್ನೊಂದು ಕಂಬ, ಮತ್ತೊಂದು ಕಂಬ! ದೋಣಿ ಖಾಲಿಯಾಯಿತು. ಮೇಲಿಂದ ಒಂದು ಹನಿಯಿಲ್ಲ.

ಬಸ್ಸಿಳಿದು ಬಂದ ಸಾಹೇಬರು ಕಾಲುವೆ ಕಂಡು ನಿಂತರು. ಶಾಲೆಯೊಳಗೇ ಹೊಳೆ ಹರಿಸಿದ್ದೀರಲ್ಲ ಎಂದು ಸಿಡುಕಿದರು. ಹೂವಯ್ಯ ಹಾರೆ ಕೆಳಗಿಟ್ಟ.

"ನೀರಿಗೆ ಜಾಗ ಬಿಟ್ಟು ಬಂದೋರು ನಾವು, ಸಾಹೇಬ್ರೆ. ಈ ಸಲ ಅದೇ ಎದ್ದು ಹೋಗ್ಲಿ."

ಸಾಹೇಬರು ಮಾಡನ್ನು ನೋಡಿದರು. ಕೊಡೆ ಮಡಿಸಿ, ಬೆಂಚು ಒರೆಸಿಕೊಂಡು ಕೂತರು.